ಮಾಲೆ ತೆಗೆದ ಮೇಲಿನ ದಿನಗಳು: ತಾಳವಾಡಿಯವರು ಕುಡಿತ ಬಿಟ್ಟವರ ಸಭೆ ಹುಡುಕುವುದು ಹೇಗೆ

ಕಾರ್ತಿಕ ಬಂತೆಂದರೆ ವರ್ಷವಿಡೀ ಕುಡಿಯುವ ಎಷ್ಟೋ ಗಂಡಸರು ಅಯ್ಯಪ್ಪನ ಮಾಲೆ ಹಾಕುತ್ತಾರೆ. 41 ದಿನ ಒಂದು ತೊಟ್ಟೂ ಮುಟ್ಟುವುದಿಲ್ಲ. ಮಾದಪ್ಪನ ಬೆಟ್ಟಕ್ಕೆ ಹರಕೆ ಹೊತ್ತವರೂ ಹಾಗೆಯೇ. ಮಾಲೆ ತೆಗೆದ ವಾರದೊಳಗೆ ಅದೇ ಮನುಷ್ಯ ಅದೇ ಅಂಗಡಿ ಮುಂದೆ ನಿಂತಿರುವುದನ್ನು ಕಂಡು ಊರು ನಗುತ್ತದೆ. ನಗುವ ಮುಂಚೆ ಆ 41 ದಿನ ಏನು ನಡೆಯಿತೆಂದು ನೋಡಬೇಕು. ಅವನನ್ನು ಎಲ್ಲರೂ ‘ಸ್ವಾಮಿ’ ಎಂದು ಕರೆದರು. ಜೊತೆಗೆ ಕುಡಿಯುತ್ತಿದ್ದವರೇ ಗ್ಲಾಸು ಮುಂದೊಡ್ಡಲಿಲ್ಲ. ಕುಡಿಯುವ ಹೊತ್ತಿಗೆ ಸರಿಯಾಗಿ ಪೂಜೆ, ಭಜನೆ ಇತ್ತು. ಅದೇ ವ್ರತದಲ್ಲಿದ್ದ ನಾಲ್ಕೈದು ಜನ ಪಕ್ಕದಲ್ಲೇ ಇದ್ದರು. ಮನಸ್ಸು ಗಟ್ಟಿಯಾಗಿದ್ದದ್ದು ನಿಜ, ಆದರೆ ಆ ಗಟ್ಟಿತನದ ಸುತ್ತ ಒಂದು ಏರ್ಪಾಟೂ ಇತ್ತು. ಇರುಮುಡಿ ಇಳಿಸಿದ ದಿನ ಆ ಏರ್ಪಾಟು ಮುಗಿಯಿತು, ಮನಸ್ಸು ಒಂಟಿಯಾಯಿತು. ಕುಡಿತ ಬಿಟ್ಟವರ ಸಭೆ ಎನ್ನುವುದು ಹೆಚ್ಚುಕಡಿಮೆ ಇದೇ ಏರ್ಪಾಟು; ಅದಕ್ಕೆ ಕೊನೆಯ ದಿನಾಂಕ ಇಲ್ಲ, ಅಷ್ಟೇ ವ್ಯತ್ಯಾಸ. ಆದ್ದರಿಂದ ‘ನನ್ನಿಂದ ಬಿಡೋಕೆ ಆಗಲ್ಲ’ ಎನ್ನುವವರು ಮಾಲೆ ಹಾಕಿದ ವರ್ಷವನ್ನು ನೆನೆದುಕೊಂಡರೆ ಸಾಕು. ಬಿಡಲು ಆಗಿತ್ತು. ಬಿಟ್ಟ ಹಾಗೆಯೇ ಉಳಿಯಲು ಜನ ಬೇಕಿತ್ತು.

ಅಂಥ ಜನ ಸಿಗುವುದು ದೇಶದಲ್ಲೆಲ್ಲೂ ಸುಲಭವಲ್ಲ. ಕೇಂದ್ರ ಸರ್ಕಾರಕ್ಕಾಗಿ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಕುಡಿತಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಬಗೆಯ ಚಿಕಿತ್ಸೆ ಸಿಕ್ಕಿತ್ತು. ಆಸ್ಪತ್ರೆಗೆ ದಾಖಲಾಗಿ ಚಿಕಿತ್ಸೆ ಪಡೆದವರು 180ರಲ್ಲಿ ಒಬ್ಬರು. ಇದು ದೊಡ್ಡ ಊರುಗಳನ್ನೂ ಸೇರಿಸಿದ ಲೆಕ್ಕ. ಕಾಡಿನ ನಡುವಿನ ತಾಳವಾಡಿಯಂಥ ತಾಲ್ಲೂಕಿನಲ್ಲಿ ಇನ್ನೂ ಕಷ್ಟ. ಹೀಗಿರುವಾಗ ಸಭೆ ಹುಡುಕುವವರು ಸಾಮಾನ್ಯವಾಗಿ ಕೇಳುವುದು ‘ಒಳ್ಳೆ ಸೆಂಟರ್ ಎಲ್ಲಿದೆ?’ ಎಂದು. ಕೊಯಮತ್ತೂರು, ಬೆಂಗಳೂರು ಎಂದು ಉತ್ತರ ಬರುತ್ತದೆ. ಒಂದು ಸಲ ಹೋಗುತ್ತಾರೆ, ಚೆನ್ನಾಗಿತ್ತು ಎನ್ನುತ್ತಾರೆ, ಮತ್ತೆ ಹೋಗುವುದಿಲ್ಲ. ನನ್ನ ಪ್ರಕಾರ ಕೇಳಬೇಕಾದ ಪ್ರಶ್ನೆ ಬೇರೆ: ಮುಂದಿನ ವಾರವೂ, ಅದರ ಮುಂದಿನ ವಾರವೂ, ಮಳೆ ಬಂದರೂ, ಕೈಯಲ್ಲಿ ಕಾಸಿಲ್ಲದಿದ್ದರೂ ನಾನು ಹೋಗಬಲ್ಲ ಸಭೆ ಯಾವುದು? ಸಭೆಯ ಫಲ ಬರುವುದು ಒಂದು ದಿನದ ಒಳ್ಳೆಯ ಮಾತಿನಿಂದಲ್ಲ, ಮರಳಿ ಮರಳಿ ಹೋಗುವುದರಿಂದ. ಹಾಗಾಗಿ ದಾರಿ, ಹೊತ್ತು, ಭಾಷೆ ಈ ಮೂರನ್ನು ನೋಡಿ ಸಭೆ ಆರಿಸಬೇಕು. ಹೆಸರು, ಕಟ್ಟಡ ಆಮೇಲಿನ ಮಾತು.

ಸಭೆಗಿಂತ ಮೊದಲು ಒಂದು ಎಚ್ಚರಿಕೆ ಇದೆ, ಇದನ್ನು ಹಾರಿಸಿ ಓದಬಾರದು. ಬೆಳಗ್ಗೆ ಎದ್ದ ಕೂಡಲೇ ಕೈ ನಡುಗುವವರು, ನಡುಕ ನಿಲ್ಲಿಸಲೆಂದೇ ಕುಡಿಯುವವರು, ಹಿಂದೆ ಕುಡಿತ ನಿಲ್ಲಿಸಿದಾಗ ಫಿಟ್ಸ್ ಬಂದವರು ಮನೆಯಲ್ಲೇ ಒಮ್ಮೆಲೇ ನಿಲ್ಲಿಸಬಾರದು. ಕೊನೆಯ ಗುಟುಕಿನ ನಂತರ ಆರೆಂಟು ಗಂಟೆಗೆ ನಡುಕ, ಬೆವರು, ವಾಂತಿ ಶುರುವಾಗಬಹುದು. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೆ ಕೆಲವರಿಗೆ ಜ್ವರ, ದಿಕ್ಕುತಪ್ಪುವಿಕೆ, ಇಲ್ಲದ ಜನ ಕಾಣುವುದು, ಹುಳುಹುಪ್ಪಟೆ ಮೈಮೇಲೆ ಹರಿದಂತಾಗುವುದು ಕಾಣಿಸಿಕೊಳ್ಳುತ್ತದೆ. ಹಳ್ಳಿಯಲ್ಲಿ ಇದನ್ನು ಗಾಳಿ ಸೋಕಿದೆ ಎಂದು ಯಂತ್ರ ಕಟ್ಟಿಸಲು ಕರೆದೊಯ್ಯುವುದುಂಟು. ಇದು ಜೀವ ತೆಗೆಯಬಲ್ಲ ವೈದ್ಯಕೀಯ ತುರ್ತು. 108ಕ್ಕೆ ಫೋನ್ ಮಾಡಿ. ತಾಳವಾಡಿಯಿಂದ ಸತ್ಯಮಂಗಲಕ್ಕೆ ಇಳಿಯುವ ದಿಂಬಂ ಘಾಟಿಯ 27 ತಿರುವುಗಳಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧವಿದ್ದರೂ ಆಂಬುಲೆನ್ಸಿಗೆ ತಡೆಯಿಲ್ಲ. ಹೆಚ್ಚು ಕುಡಿಯುವವರು ನಿಲ್ಲಿಸುವ ಮುನ್ನವೇ ಸರ್ಕಾರಿ ಆಸ್ಪತ್ರೆಯ ವೈದ್ಯರಿಗೆ ದಿನಕ್ಕೆ ಎಷ್ಟು, ಎಷ್ಟು ವರ್ಷದಿಂದ ಎಂಬುದನ್ನು ಮುಚ್ಚಿಡದೆ ಹೇಳಿದರೆ, ನಡುಕ ತಡೆಯುವ ಮಾತ್ರೆ, ಥಯಮಿನ್ ಎಂಬ ಬಿ1 ವಿಟಮಿನ್ ಕೊಟ್ಟು ಆ ಐದಾರು ದಿನ ದಾಟಿಸುತ್ತಾರೆ. ಮಾಲೆ ಹಾಕುವವರಿಗೂ ಇದೇ ಮಾತು. ಸಭೆಯಲ್ಲಿ ಕೂತವರು ವೈದ್ಯರಲ್ಲ. ಆಸ್ಪತ್ರೆ ದೇಹವನ್ನು ಒಂದು ವಾರ ನೋಡಿಕೊಳ್ಳುತ್ತದೆ, ಸಭೆಯ ಕೆಲಸ ಅಲ್ಲಿಂದ ಮುಂದಕ್ಕೆ.

ಇನ್ನು ದಾರಿಯ ಮಾತು. ತಾಳವಾಡಿ ಸರ್ಕಾರಿ ಕಡತದಲ್ಲಿ ತಮಿಳುನಾಡಿನ ಈರೋಡು ಜಿಲ್ಲೆ. ಜಿಲ್ಲಾ ಕೇಂದ್ರಕ್ಕೆ ಹೋಗಬೇಕೆಂದರೆ ಹಾಸನೂರು, ದಿಂಬಂ, ಬಣ್ಣಾರಿ, ಸತ್ಯಮಂಗಲ ದಾಟಿ ನೂರು ಕಿಲೋಮೀಟರಿಗೂ ಹೆಚ್ಚು ಹೋಗಬೇಕು, ಅದರಲ್ಲಿ ಒಂದು ಭಾಗ ಹುಲಿ ಸಂರಕ್ಷಿತ ಕಾಡು. ಚಾಮರಾಜನಗರವಾದರೋ ಘಾಟಿಯಿಲ್ಲದ ದಾರಿ, ಹತ್ತಿರ. ಜನ ಆಸ್ಪತ್ರೆಗೆ, ಮದುವೆ ಜವಳಿಗೆ, ತರಕಾರಿ ಮಾರಲು ಆ ಕಡೆಗೆ ಹೋಗುವುದು ಹೊಸದಲ್ಲ. ಎರಡು ರಾಜ್ಯಗಳ ನಡುವಿನ ಗೆರೆ ಕಂದಾಯ, ಪಡಿತರಕ್ಕೆ ಸರಿ. ಸಭೆಗೆ ಆ ಗೆರೆ ಲೆಕ್ಕಕ್ಕಿಲ್ಲ. ಆಲ್ಕೊಹಾಲಿಕ್ಸ್ ಅನಾನಿಮಸ್, ಎಲ್ಲರೂ ಎಎ ಎನ್ನುವ ಕೂಟ, ವಿಳಾಸದ ಪುರಾವೆ ಕೇಳುವುದಿಲ್ಲ. ಕುಡಿತ ಬಿಡುವ ಆಸೆಯೊಂದೇ ಅದರ ಸದಸ್ಯತ್ವದ ಷರತ್ತು. ಭಾಷೆಯ ಕಾರಣವೂ ಸೇರಿಕೊಳ್ಳುತ್ತದೆ. ತಮಿಳು ಬಲ್ಲ ತಾಳವಾಡಿಯವರಿಗೆ ಸತ್ಯಮಂಗಲದ ಬಸ್ ಸ್ಟ್ಯಾಂಡಿನಲ್ಲಿ, ಕಚೇರಿಯಲ್ಲಿ ಅದು ಸಾಕಾಗುತ್ತದೆ. ಆದರೆ ಹೆಂಡತಿಯ ಓಲೆ ಅಡವಿಟ್ಟದ್ದನ್ನು, ಮಗನ ಮೇಲೆ ಕೈಮಾಡಿದ್ದನ್ನು ಹತ್ತು ಜನರ ಮುಂದೆ ಹೇಳುವುದಕ್ಕೆ ಮನೆಮಾತೇ ಬೇಕು. ಅಲ್ಲಿ ತಡವರಿಸಿದವನು ಕೇಳುಗನಾಗಿ ಉಳಿದು, ನಾಲ್ಕನೆಯ ವಾರ ಬಿಟ್ಟುಬಿಡುತ್ತಾನೆ. ಬಾಲ್ಯದಿಂದ ತಮಿಳೇ ಆಡಿ ಬೆಳೆದವರಿಗೆ, ಸತ್ಯಮಂಗಲ ಕಡೆ ಕೆಲಸಕ್ಕೆ ಇರುವವರಿಗೆ ಈ ವಾದ ತಿರುಗುಮುರುಗು. ಅವರು ಕೆಳಗಿಳಿಯುವುದೇ ಸರಿ. ಒಂದು ಕಿವಿಮಾತು: ದಾಖಲಾಗಿ ಚಿಕಿತ್ಸೆ ಪಡೆಯುವುದಾದರೆ ತಮಿಳುನಾಡಿನ ಸರ್ಕಾರಿ ವಿಮೆ ಗಡಿಯಾಚೆ ನಡೆಯುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಸಭೆಗಾದರೆ ಖರ್ಚೇ ಇಲ್ಲ, ಬಸ್ ಚಾರ್ಜು ಬಿಟ್ಟು.

ಹುಡುಕುವುದನ್ನು ಎಲ್ಲಿಂದ ಶುರು ಮಾಡಬೇಕು? ಚಾಮರಾಜನಗರ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಬೋಧನಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರಗಳಂದು ಮನೋಚೈತನ್ಯ ಕ್ಲಿನಿಕ್ ಎಂಬ ಯೋಜನೆಯಿದೆ. ಈ ಕಡೆಗಳಲ್ಲಿ ವೈದ್ಯರಿಗಿಂತ ಸಮಾಜ ಕಾರ್ಯಕರ್ತರನ್ನು, ನರ್ಸನ್ನು ಕೇಳುವುದು ಲೇಸು. ಯಾವ ಊರಿನಲ್ಲಿ ಯಾವ ಸಂಜೆ ಸಭೆ ಕೂಡುತ್ತದೆಂಬುದು ಅವರಿಗೆ ಹೆಚ್ಚು ಗೊತ್ತಿರುತ್ತದೆ. 14416 ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ, 2022ರ ಅಕ್ಟೋಬರ್ 10ರಿಂದ ಹಗಲೂ ರಾತ್ರಿ ನಡೆಯುತ್ತಿದೆ, ಪುಕ್ಕಟೆ. ತಮಿಳುನಾಡಿನ ಸಿಮ್‌ನಿಂದ ಮಾಡಿದರೆ ತಮಿಳಿನಲ್ಲಿ ಮಾತಾಡಿಸಬಹುದು, ಕನ್ನಡ ಬೇಕೆಂದು ಮೊದಲೇ ಹೇಳಿ. ವ್ಯಸನಮುಕ್ತಿಗೆಂದೇ ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯ 14446 ಸಂಖ್ಯೆ ಇಟ್ಟಿದೆ. ಕನ್ನಡ ನಾಡಿನಲ್ಲಿ ಎಎ ಅಲ್ಲದೆ ಇನ್ನೊಂದು ದಾರಿಯೂ ಇದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಜೊತೆಗೂಡಿ ಜನಜಾಗೃತಿ ವೇದಿಕೆ ಊರೂರಿನ ಸಮುದಾಯ ಭವನ, ಕಲ್ಯಾಣ ಮಂಟಪಗಳಲ್ಲಿ ಎಂಟು ದಿನದ ಮದ್ಯವರ್ಜನ ಶಿಬಿರ ನಡೆಸುತ್ತದೆ. ಶಿಬಿರ ಮುಗಿಸಿದವರು ನವಜೀವನ ಸಮಿತಿ ಎಂದು ಸೇರಿ ಆಮೇಲೂ ಕೂಡುತ್ತಾರೆ. ಎಂಟು ದಿನದ ಸುದ್ದಿ ಪತ್ರಿಕೆಯಲ್ಲಿ ಫೋಟೊ ಸಮೇತ ಬರುತ್ತದೆ, ಸಮಿತಿಯ ಸುದ್ದಿ ಬರುವುದಿಲ್ಲ. ನಿಜವಾದ ಕೆಲಸ ನಡೆಯುವುದು ಸಮಿತಿಯಲ್ಲೇ. ಚಾಮರಾಜನಗರದ ಯೋಜನಾ ಕಚೇರಿಯಲ್ಲಿ ಮುಂದಿನ ಶಿಬಿರ ಎಲ್ಲಿ, ಗಡಿಯಾಚೆಯವರನ್ನು ಸೇರಿಸುತ್ತೀರಾ ಎಂದು ವಿಚಾರಿಸಿ. ಈ ಬಗೆಯ ಶಿಬಿರಕ್ಕೆ ತಮಿಳುನಾಡಿನಲ್ಲೂ ಹಳೆಯ ಮಾದರಿ ಇದೆ: 1980ರಲ್ಲಿ ಶಾಂತಿ ರಂಗನಾಥನ್ ಚೆನ್ನೈನಲ್ಲಿ ಕಟ್ಟಿದ ಟಿಟಿಕೆ ಆಸ್ಪತ್ರೆ, ರೋಗಿಗಳು ನಗರಕ್ಕೆ ಬರಲಾರರೆಂದು ಕಂಡು, ಮಂಜಕ್ಕುಡಿ ಎಂಬ ಹಳ್ಳಿಗೇ ಶಿಬಿರ ಒಯ್ದಿತ್ತು.

ಫೋನಿನಲ್ಲಿ ಸಭೆಯ ವಿಳಾಸ ಸಿಕ್ಕರೆ ಸಾಲದು, ಇನ್ನೂ ಕೆಲವನ್ನು ಕೇಳಿ. ಯಾವ ಭಾಷೆಯಲ್ಲಿ ನಡೆಯುತ್ತದೆ? ಎಷ್ಟು ಹೊತ್ತಿಗೆ ಮುಗಿಯುತ್ತದೆ? ಊರುಗಳಲ್ಲಿ ಎಎ ಸಭೆ ಸಾಮಾನ್ಯವಾಗಿ ಕೆಲಸ ಮುಗಿದ ಸಂಜೆಗೆ. ಗಂಟೆ, ಒಂದೂವರೆ ಗಂಟೆ ನಡೆದು ಎಂಟಕ್ಕೆ ಬಿಟ್ಟರೆ ತಾಳವಾಡಿಗೆ ವಾಪಸು ಬಸ್ಸು ಸಿಗುವುದು ಕಷ್ಟ, ದಾರಿಯಲ್ಲಿ ಆನೆ. ಭಾನುವಾರ ಬೆಳಗಿನ ಸಭೆ ಇದೆಯೇ ಎಂದು ಒತ್ತಿ ಕೇಳಿ. ಅದು ಓಪನ್ ಸಭೆಯೋ ಕ್ಲೋಸ್ಡ್ ಸಭೆಯೋ ಎಂಬುದನ್ನೂ ಕೇಳಿ: ಓಪನ್ ಆದರೆ ಹೆಂಡತಿ, ಅಣ್ಣತಮ್ಮ ಯಾರು ಬೇಕಾದರೂ ಜೊತೆಗೆ ಕೂರಬಹುದು, ಕ್ಲೋಸ್ಡ್ ಆದರೆ ಕುಡಿತದ ತೊಂದರೆ ಇರುವವರು ಮಾತ್ರ. ಮೊದಲ ಸಲಕ್ಕೆ ಬಸ್ ಸ್ಟ್ಯಾಂಡಿಗೆ ಯಾರಾದರೂ ಬಂದು ಕರೆದುಕೊಂಡು ಹೋಗುತ್ತೀರಾ ಎಂದರೆ ಸಾಮಾನ್ಯವಾಗಿ ಇಲ್ಲವೆನ್ನುವುದಿಲ್ಲ, ಏಕೆಂದರೆ ಹೊಸಬರನ್ನು ಕರೆತರುವುದು ಅವರ ಸ್ವಂತ ಚೇತರಿಕೆಯ ಭಾಗ. ಒಳಗೆ ನಡೆಯುವುದು ಸರಳ. ಚರ್ಚಿನ ಕೋಣೆ, ಶಾಲೆಯ ಕೊಠಡಿ ಇಂಥ ಕಡೆ ಪ್ಲಾಸ್ಟಿಕ್ ಕುರ್ಚಿಗಳು, ಚಹ. ಒಂದು ಕ್ಷಣ ಮೌನ, ಸಣ್ಣ ಪ್ರಾರ್ಥನೆ, ಒಂದೆರಡು ಪುಟ ಓದು, ಆಮೇಲೆ ಒಬ್ಬೊಬ್ಬರೇ ಮಾತು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ, ಬುದ್ಧಿ ಹೇಳುವಂತಿಲ್ಲ. ಪಂಚಾಯ್ತಿ ಕಟ್ಟೆಯ ರೂಢಿ ಇರುವ ನಮಗೆ ಇದು ವಿಚಿತ್ರವೆನಿಸಬಹುದು. ನಿಮ್ಮ ಸರದಿ ಬಂದಾಗ ‘ಇವತ್ತು ಕೇಳ್ತೀನಿ’ ಎಂದರೆ ಸಾಕು. ಕೊನೆಗೆ ಒಂದು ಚೀಲ ಸುತ್ತು ಬರುತ್ತದೆ. ಬಾಡಿಗೆಗೆ, ಚಹಕ್ಕೆ ಕೈಲಾದದ್ದು ಹಾಕಬಹುದು, ಹೊಸಬರು ಹಾಕಬೇಕಿಲ್ಲ. ಹಾಜರಿ ಪುಸ್ತಕ ಇಲ್ಲ, ಪೂರ್ಣ ಹೆಸರು ಬೇಕಿಲ್ಲ. ಶುಲ್ಕ ಕೇಳಿದವರು, ಮನೆಯವರನ್ನು ಬಿಟ್ಟು ಕೀಲಿ ಹಾಕಿದ ಕಟ್ಟಡದಲ್ಲಿ ಮೂರು ತಿಂಗಳು ಇಡುತ್ತೇವೆ ಎಂದವರು ಎಎ ಅಲ್ಲ, ಅಂಥ ಕಡೆ ಪರವಾನಗಿ ಕೇಳಿ.

ಇದರಿಂದ ಪ್ರಯೋಜನ ಇದೆಯೇ ಎಂಬ ಸಂಶಯ ನ್ಯಾಯವಾದದ್ದು. ಬಹುಕಾಲ ವೈದ್ಯಲೋಕಕ್ಕೂ ಅದೇ ಸಂಶಯ ಇತ್ತು. 2006ರಲ್ಲಿ ಕಾಕ್ರನ್ ಸಂಸ್ಥೆಯ ಪರಿಶೀಲನೆ ಎಎ ಬೇರೆ ಚಿಕಿತ್ಸೆಗಳಿಗಿಂತ ಮೇಲೆಂದು ಹೇಳಲು ಗಟ್ಟಿ ಆಧಾರವಿಲ್ಲ ಎಂದಿತ್ತು. 2020ರಲ್ಲಿ ಅದೇ ಸಂಸ್ಥೆ 27 ಅಧ್ಯಯನಗಳನ್ನು, 10,565 ಜನರ ಮಾಹಿತಿಯನ್ನು ಒಟ್ಟಿಗೆ ಇಟ್ಟು ನೋಡಿತು: ಎಎ ಸಭೆಗಳಿಗೆ ವ್ಯವಸ್ಥಿತವಾಗಿ ಜೋಡಿಸಿದವರಲ್ಲಿ 12 ತಿಂಗಳ ಹೊತ್ತಿಗೆ ಪೂರ್ತಿ ಕುಡಿತ ಬಿಟ್ಟವರು ಶೇ 42ರಷ್ಟು, ಬೇರೆ ಮನಶ್ಶಾಸ್ತ್ರೀಯ ಚಿಕಿತ್ಸೆ ಪಡೆದವರಲ್ಲಿ ಶೇ 35ರಷ್ಟು. ಮೊದಲ ವರದಿಯ ಮುಖ್ಯ ಲೇಖಕಿ ಮಾರಿಕಾ ಫೆರಿ ಎರಡನೆಯದರಲ್ಲೂ ಇದ್ದರು ಎಂಬುದು ನನಗೆ ಇದನ್ನು ನಂಬಲು ಒಂದು ಹೆಚ್ಚಿನ ಕಾರಣ. ಆದರೆ ಇದರಲ್ಲಿ ಎರಡು ಮಾತಿದೆ. ಶೇ 42 ಎಂದರೆ ಅರ್ಧಕ್ಕಿಂತ ಹೆಚ್ಚು ಜನ ವರ್ಷದೊಳಗೆ ಮತ್ತೆ ಕುಡಿದಿದ್ದಾರೆ ಎಂದೂ ಆಯಿತು. ಜಾರಿದವನನ್ನು ‘ಇವನ ಕಥೆ ಮುಗೀತು’ ಎಂದು ಕೈಬಿಡುವ ಮನೆಯವರು ಇದನ್ನು ಗಮನಿಸಬೇಕು. ಎರಡನೆಯದಾಗಿ, ಆ ಅಧ್ಯಯನಗಳಲ್ಲಿ ಬಹುಪಾಲು ಅಮೆರಿಕದವು; ಅಲ್ಲಿನ ಲೆಕ್ಕ ತಾಳವಾಡಿಗೆ ನೇರವಾಗಿ ಹೊಂದುತ್ತದೆಂದು ಹೇಳಲಾಗದು. ನಮ್ಮ ಹತ್ತಿರದ ಪುರಾವೆ ಗೋವಾದ್ದು. ಅಲ್ಲಿನ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಅತಿಯಾಗಿ ಕುಡಿಯುವ 377 ಗಂಡಸರ ಮೇಲೆ ನಡೆದು 2017ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ಪ್ರಯೋಗದಲ್ಲಿ, ವೈದ್ಯರಲ್ಲದ, ತರಬೇತಿ ಪಡೆದ ಸ್ಥಳೀಯರು ಒಂದರಿಂದ ನಾಲ್ಕು ಸಲ ಕೂತು ಮಾತಾಡಿದ್ದಕ್ಕೇ ಮೂರು ತಿಂಗಳಲ್ಲಿ ಶೇ 36ರಷ್ಟು ಜನರ ಕುಡಿತ ಹತೋಟಿಗೆ ಬಂತು, ಮಾಮೂಲಿ ಚಿಕಿತ್ಸೆಯವರಲ್ಲಿ ಅದು ಶೇ 26ರ ಸುಮಾರು. ಆ ಗಂಡಸರು ಕುಡಿತಕ್ಕೆ ಪೂರ್ತಿ ದಾಸರಾದವರಲ್ಲ, ಅದು ಗುಂಪಿನ ಸಭೆಯೂ ಅಲ್ಲ. ಆದರೂ ಊರಿನವರೇ ಊರಿನ ಮಾತಿನಲ್ಲಿ ಮಾತಾಡಿದರೆ ಔಷಧಿಯಂಗಡಿಯಲ್ಲಿ ಸಿಗದ್ದೊಂದು ಸಿಗುತ್ತದೆ ಎನ್ನಲು ಸಾಕು.

‘ನಮ್ಮೂರಲ್ಲಿ ಗುಟ್ಟು ನಿಲ್ಲಲ್ಲ’ ಎಂಬುದು ಅತಿ ದೊಡ್ಡ ತಕರಾರು, ಅದು ನಿಜವೂ ಹೌದು. ನಗರದಲ್ಲಿ ಹೆಸರು ಮುಚ್ಚಿಟ್ಟರೆ ಮುಗಿಯಿತು. ಇಲ್ಲಿ ಯಾರು ಯಾವ ಬಸ್ ಹತ್ತಿದರೆಂಬುದೂ ಗೊತ್ತಾಗುತ್ತದೆ. ಆದರೆ ಒಂದು ಯೋಚಿಸಿ: ಕುಡಿದು ರಸ್ತೆಯಲ್ಲಿ ಬಿದ್ದದ್ದು ಊರಿಗೆಲ್ಲ ಗೊತ್ತಿದೆ. ಮುಚ್ಚಿಡಬೇಕಾಗಿ ಬಂದಿರುವುದು ಬಿಡಲು ಹೊರಟ ಸುದ್ದಿ. ಮತ್ತೆ ಜಾರಿದರೆ ನಗೆಪಾಟಲಾಗುತ್ತೇನೆಂಬ ಆ ಹೆದರಿಕೆಯನ್ನು ಹಗುರ ಮಾಡಬಾರದು. ಅದಕ್ಕೆ ಚಾಮರಾಜನಗರದ ದಾರಿ ಒಂದು ಉಪಾಯ. ಸಂತೆಗೋ ಆಸ್ಪತ್ರೆಗೋ ಹೋದಂತೆ ಹೋಗಿ ಬರಬಹುದು. ಫೋನಿನಲ್ಲಿ, ವಿಡಿಯೊದಲ್ಲಿ ನಡೆಯುವ ಸಭೆಗಳೂ ಇವೆ, ಸಿಗ್ನಲ್ ಸಿಗುವ ಜಾಗ ಇದ್ದವರಿಗೆ. ಹೊಸಬರು 90 ದಿನದಲ್ಲಿ 90 ಸಭೆಗೆ ಹೋಗಬೇಕೆಂದು ಎಎಯಲ್ಲಿ ಹೇಳುವುದು ವಾಡಿಕೆ. ಬೆಟ್ಟದವರಿಗೆ ಅದು ಆಗದ ಮಾತು. ವಾರಕ್ಕೊಂದು ಸಭೆ, ಉಳಿದ ದಿನ ಸ್ಪಾನ್ಸರ್ ಎಂದು ಕರೆಯುವ ಹಿರಿಯ ಸದಸ್ಯನಿಗೆ ಒಂದು ಫೋನು ಎಂದು ಒಪ್ಪಂದ ಮಾಡಿಕೊಂಡರೆ ನಡೆಯುತ್ತದೆ. ದೇವರ ಮಾತು ಬರುತ್ತದೆಂದು ಹಿಂಜರಿಯುವ ಕ್ರೈಸ್ತರು, ಮುಸ್ಲಿಮರು, ದೇವರನ್ನೇ ನಂಬದವರು ಇದ್ದಾರೆ. ಎಎ ಯಾವ ಧರ್ಮಕ್ಕೂ ಸೇರಿದ್ದಲ್ಲ, ‘ನಮಗಿಂತ ದೊಡ್ಡ ಶಕ್ತಿ’ ಎಂಬುದನ್ನು ಅವರವರು ತಿಳಿದಂತೆ ತಿಳಿಯಲು ಬಿಡುತ್ತದೆ. ಶಿಬಿರಗಳಲ್ಲಿ ಭಜನೆಯ ಪಾಲು ಹೆಚ್ಚು; ಅದು ಒಗ್ಗುವವರಿಗೆ ಬಲ, ಒಗ್ಗದವರು ಎಎ ಕಡೆ ಹೋಗಲಿ.

ಹೆಂಗಸರ ವಿಷಯದಲ್ಲಿ ನಮ್ಮ ಸಭೆಗಳು ಸೋತಿವೆ ಎಂದೇ ಹೇಳಬೇಕು. 2019ರ ಅದೇ ಸಮೀಕ್ಷೆಯಲ್ಲಿ ಕುಡಿಯುವ ಗಂಡಸರು ಶೇ 27.3, ಹೆಂಗಸರು ಶೇ 1.6. ಸಂಖ್ಯೆ ಸಣ್ಣದೆಂದು ಗಂಡಸರ ಕೋಣೆಗೇ ಅವರನ್ನೂ ಕಳಿಸುವುದು ತಪ್ಪು. ಹೆಂಗಸು ಸದಸ್ಯೆ ಯಾರಾದರೂ ಇದ್ದಾರೆಯೇ, ಅವರ ಜೊತೆ ಮೊದಲು ಫೋನಿನಲ್ಲಿ ಮಾತಾಡಬಹುದೇ ಎಂದು ಕೇಳಬೇಕು. ಕುಡಿಯುವವನ ಮನೆಯವರಿಗೆ ಬೇರೆಯದೇ ಕೂಟವಿದೆ, ಆಲ್‌ಅನಾನ್. 1951ರಲ್ಲಿ ಶುರುವಾದದ್ದು, ಎಎ ಸ್ಥಾಪಕರೊಬ್ಬರ ಹೆಂಡತಿಯ ಮುಂದಾಳತ್ವದಲ್ಲಿ. ಗಂಡ ಸಭೆಗೆ ಬರಲೊಪ್ಪದಿದ್ದರೂ ಹೆಂಡತಿ ಇದಕ್ಕೆ ಹೋಗಬಹುದು. ಅಲ್ಲಿ ಮೊದಲು ಕೇಳಿಬರುವ ಮಾತು, ಅವನು ಕುಡಿಯುವುದಕ್ಕೆ ನೀವು ಕಾರಣರಲ್ಲ ಎಂಬುದು. ಸೊಸೆ ಸರಿಯಿಲ್ಲದ್ದಕ್ಕೇ ಮಗ ಕುಡಿಯುತ್ತಾನೆ ಎಂಬ ಮಾತು ಕೇಳಿ ಕೇಳಿ ಸಾಕಾದವರಿಗೆ ಅದೇನು ಕಡಿಮೆಯಲ್ಲ. ಗೋಡೆ ಜಾಹೀರಾತು ನೋಡಿ ತರಿಸಿದ ‘ಕುಡಿತ ಬಿಡಿಸುವ ಪುಡಿ’ಯನ್ನು ಗೊತ್ತಾಗದಂತೆ ಸಾರಿಗೆ ಬೆರೆಸುವುದು ಮಾತ್ರ ಬೇಡವೇ ಬೇಡ. ಅದರಲ್ಲಿ ಡೈಸಲ್ಫಿರಾಂ ಇದ್ದು ಮೇಲೆ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೆ ಸಂಚಕಾರ ಬರಬಹುದು. ಆ ಮಾತ್ರೆ ಕುಡಿಯುವವನ ಒಪ್ಪಿಗೆಯಿಂದ, ವೈದ್ಯರ ಕಣ್ಣಳತೆಯಲ್ಲಿ ತೆಗೆದುಕೊಳ್ಳುವಂಥದ್ದು.

ಇಷ್ಟೆಲ್ಲ ಸುತ್ತಾಟ ಯಾಕೆ, ಅಂಗಡಿ ಮುಚ್ಚಿದರೆ ಆಗದೇ ಎನ್ನುವವರಿದ್ದಾರೆ. 1937ರಲ್ಲಿ ರಾಜಾಜಿ ಪಕ್ಕದ ಸೇಲಂನಲ್ಲಿ ಪಾನನಿಷೇಧ ತಂದರು. 1971ರಲ್ಲಿ ತಮಿಳುನಾಡು ಅದನ್ನು ಸಡಿಲಿಸಿತು. 2003ರಿಂದ ಟಾಸ್ಮಾಕ್ ಹೆಸರಿನಲ್ಲಿ ಸರ್ಕಾರವೇ ಚಿಲ್ಲರೆ ಮಾರುತ್ತಿದೆ. ಅಂಗಡಿ ಕಡಿಮೆಯಾದರೆ ಕುಡಿತ ಕಡಿಮೆಯಾಗುತ್ತದೆಂಬುದರಲ್ಲಿ ಹುರುಳಿದೆ, ಅದಕ್ಕಾಗಿ ಹೋರಾಡುವ ಹೆಂಗಸರ ಜೊತೆ ನಿಲ್ಲಬೇಕು. ಆದರೆ ಎರಡು ರಾಜ್ಯದ ಗಡಿಯ ಮೇಲಿರುವ ತಾಳವಾಡಿಯಲ್ಲಿ ಒಂದು ಕಡೆ ಬಾಗಿಲು ಹಾಕಿದರೆ ಇನ್ನೊಂದು ಕಡೆಯ ಟೆಟ್ರಾ ಪ್ಯಾಕ್ ಬರುತ್ತದೆ. ಈ ತಿಂಗಳು ಕೈ ನಡುಗುತ್ತಿರುವವನಿಗೆ ನೀತಿ ಬದಲಾಗುವ ತನಕ ಕಾಯಲು ಪುರುಸೊತ್ತಿಲ್ಲ.

ಹೋಗಬಲ್ಲ ಸಭೆ ಎಲ್ಲೂ ಸಿಗದಿದ್ದರೆ, ಕಟ್ಟಬೇಕು. ಇದು ದೊಡ್ಡ ಮಾತೆನಿಸಿದರೂ ಎಎ ಹುಟ್ಟಿದ್ದೇ ಹೀಗೆ. 1935ರಲ್ಲಿ ವ್ಯವಹಾರಕ್ಕೆಂದು ಅಮೆರಿಕದ ಏಕ್ರನ್ ಎಂಬ ಪರಊರಿಗೆ ಬಂದ ಬಿಲ್ ಎಂಬಾತ, ಕುಡಿಯುವ ಆಸೆ ತಡೆಯಲಾರದೆ, ತನ್ನಂಥ ಇನ್ನೊಬ್ಬನನ್ನು ಹುಡುಕಲು ಅಲ್ಲಿನ ಚರ್ಚುಗಳಿಗೆ ಫೋನ್ ಮಾಡಿದ. ಸಿಕ್ಕವರು ಬಾಬ್ ಎಂಬ ವೈದ್ಯರು. ಆ ವೈದ್ಯರು ಕುಡಿತ ನಿಲ್ಲಿಸಿದ ಜೂನ್ 10ನ್ನೇ ಎಎ ತನ್ನ ಹುಟ್ಟಿದ ದಿನವೆಂದು ಎಣಿಸುತ್ತದೆ. ಇಬ್ಬರು ಸಾಕಾಯಿತು. ಭಾರತಕ್ಕೆ ಅದು 1957ರಲ್ಲಿ ದೆಹಲಿಯಲ್ಲಿ ಬಂದಾಗಲೂ ಜನ ಬೆರಳೆಣಿಕೆಯಷ್ಟೇ. ತಾಳವಾಡಿಯಲ್ಲಿ ಇಬ್ಬರು ಸಿಗುವುದು ಕಷ್ಟವಲ್ಲ: ಕಳೆದ ವರ್ಷ ಒಟ್ಟಿಗೆ ಮಾಲೆ ಹಾಕಿದವರಲ್ಲೇ ಇನ್ನೂ ಕುಡಿಯದೆ ಇರುವವನೊಬ್ಬ ಇರಬಹುದು, ಅವನನ್ನು ಕೇಳಿ. ಮೊದಲ ಕೆಲವು ವಾರ ಚಾಮರಾಜನಗರ ಅಥವಾ ಮೈಸೂರಿನ ಸಭೆಗೆ ಹೋಗಿ ಕ್ರಮ ಕಲಿತು, ಅಲ್ಲಿಂದ ಒಬ್ಬ ಹಳಬನನ್ನು ತಿಂಗಳಿಗೊಮ್ಮೆ ಬರಲು ಒಪ್ಪಿಸಿ, ಕನ್ನಡದ ಪುಸ್ತಕ ತನ್ನಿ. ಕಾಡಿನೊಳಗಿನ ಸೋಲಿಗರ, ಊರಾಳಿಗಳ ಪೋಡುಗಳವರು ಬರಲಾರರು. ಅಲ್ಲಿಗೆ ಸಭೆಯೇ ಹೋಗಬೇಕಾದೀತು, ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಿಂದ ಡಾ. ಸುದರ್ಶನ್ ಅವರ ಗಿರಿಜನ ಕಲ್ಯಾಣ ಕೇಂದ್ರ ವೈದ್ಯವನ್ನು ಒಯ್ದ ಹಾಗೆ. ಸಂತೆಯ ದಿನ ಬೆಳಗ್ಗೆ ಹತ್ತರ ಸುಮಾರಿಗೆ ಕೂಡುವುದು ಅನುಕೂಲ. ಸುತ್ತಲ ಹಳ್ಳಿಯವರು ಹೇಗೂ ಬಂದಿರುತ್ತಾರೆ, ಯಾಕೆ ಬಂದರೆಂದು ಯಾರೂ ಕೇಳುವುದಿಲ್ಲ. ತರಕಾರಿ ಮಾರಿದ ದುಡ್ಡು ಕೈಗೆ ಬಂದು ಕಾಲು ಅಂಗಡಿ ಕಡೆ ತಿರುಗುವ ಮುಂಚೆ ಸಭೆ ಮುಗಿದಿರಬೇಕು. ದೇವಸ್ಥಾನದ ಜಗಲಿಗಿಂತ ಶಾಲೆಯ ಕೊಠಡಿ ಮೇಲು, ಎಲ್ಲ ಜಾತಿಯವರೂ ಒಳಗೆ ಬಂದು ಒಂದೇ ಸಾಲಿನಲ್ಲಿ ಕೂರಲು. ಬೀಗದ ಕೈ ಎರಡು ಮಾಡಿಸಿ ಇಬ್ಬರ ಬಳಿ ಇಡಿ: ಒಬ್ಬ ಜಾರಿ ಆ ವಾರ ಬಾರದೆ ಹೋದರೂ ಬಾಗಿಲು ತೆಗೆದಿರುತ್ತದೆ.